ಹರಕು ಚಾಪೆ

ಫುಸಿ ಮಂಡಿಯೂರಿ ಕೂತು ಲೊಸಾಲಿನೆಯ ಸೊಂಟದ ನಾರಿನ ಹಗ್ಗ ಬಿಚ್ಚುತ್ತಿದ್ದಳು. ಗಂಟು ಜಗ್ಗಲಿಲ್ಲ. ಹಲ್ಲು ಹಾಕಿ ಎಳೆದಳು.

"ಬಿಡೇ ಫುಸಿ. ನಾನೇ ಕಟ್ಕೊಂಡಿದ್ದು, ಇರಲಿ ಬಿಡು."

"ಅಮ್ಮ ಹೇಳಿದಾಳೆ ಕಣೇ. ನನಗ್ಯಾಕೆ ಬೈಸ್ತೀಯ? ಕೈ ಎತ್ತು."

ಗಂಟು ಬಿಟ್ಟುಕೊಂಡಿತು. ಲೊಸಾಲಿನೆ ತನ್ನ ಕಪ್ಪು ಬಟ್ಟೆಯ ಮೇಲೆ ಎದೆಯಿಂದ ಕಣಕಾಲಿನವರೆಗೆ ಸುತ್ತಿಕೊಂಡಿದ್ದ ಹಳೆಯ ಚಾಪೆ ಅಂಗಳದ ಮರಳಿಗೆ ಬಿತ್ತು. ಅಂಚು ಹರಿದದ್ದು, ನಡುವೆ ಇಲಿ ಕಡಿದದ್ದು, ಮಸಿ ಹಿಡಿದದ್ದು. ಬೆಳಗಿನ ದೋಣಿ ಇಳಿದವಳೇ ಅಟ್ಟದ ಮೇಲೆ ಹುಡುಕಿ, ಇದ್ದವುಗಳಲ್ಲೆಲ್ಲ ತೀರ ಕೆಟ್ಟದ್ದನ್ನೇ ಆರಿಸಿ ಉಟ್ಟುಕೊಂಡಿದ್ದಳು. ಈ ದ್ವೀಪಗಳಲ್ಲಿ ಅಪ್ಪ ಸತ್ತಾಗ ಮಕ್ಕಳು ಉಡುವುದೇ ಅದನ್ನು; ಹರಕು ದೊಡ್ಡದಾದಷ್ಟೂ ರಕ್ತ ಹತ್ತಿರದ್ದು. ಫುಸಿ ಅದರ ಬದಲಿಗೆ ತಂದದ್ದು ಬೆಣ್ಣೆ ಬಣ್ಣದ ಹೊಸ ಚಾಪೆ. ರೇಷ್ಮೆಯಂತೆ ನಯವಾಗಿ ಹೆಣೆದದ್ದು. ಸೊಂಟಕ್ಕೆ ಸುತ್ತಿದರೆ ತೊಡೆಯನ್ನೂ ಮುಚ್ಚುತ್ತಿರಲಿಲ್ಲ. ಮದುವೆಗೆ ಉಡುವಂಥದ್ದು.

"ಇದನ್ನ ಉಟ್ಟು ಎಲ್ಲಿ ಕೂರಲಿ?"

"ಒಳಗೆ. ನೆಂಟರ ಸಾಲಲ್ಲಿ. ಪಾದ್ರಿ ಬಂದ ಮೇಲೆ ಮುಖದ ಬಟ್ಟೆ ತೆಗೀತಾರೆ. ಆಗ ಹೋಗಿ ಮುತ್ತಿಡು."

"ನಾನೇನು ನೆಂಟಳೇನೇ?"

ಫುಸಿ ಹರಕು ಚಾಪೆಯನ್ನು ಸುರುಳಿ ಸುತ್ತತೊಡಗಿದಳು.

"ಕೂದಲು ಯಾವಾಗ ಕತ್ತರಿಸ್ತಾರೆ?"

"ಪಾದ್ರಿ ಬರೋಕೆ ಮುಂಚೆ. ಲೊಪೆತಿದು, ಅವನ ತಂಗಿಯರದು."

"ನನ್ನದು?"

"ಲೊಸಾ, ಬಿಸಿಲಲ್ಲಿ ನಿಲ್ಲಿಸಿಕೊಂಡು ನನ್ನ ಪ್ರಾಣ ತಿನ್ನಬೇಡ. ಅಮ್ಮನ್ನೇ ಕೇಳು."

ಫುಸಿಯ ಅಮ್ಮ ತೌಫಾ ಸತ್ತ ಮನಾಸೆಯ ಅಕ್ಕ. ತಮ್ಮಂದಿರ ಮಕ್ಕಳ ಕೂದಲಿಗೆ ಕತ್ತರಿ ಹಾಕುವ ಹಕ್ಕು ಈ ಭೂಮಿಯ ಮೇಲೆ ಅವಳೊಬ್ಬಳದೇ. ಅವಳು ಕತ್ತರಿಸಿದರೆ ಲೊಸಾಲಿನೆ ಮನಾಸೆಯ ಮಗಳು. ಕತ್ತರಿಸದಿದ್ದರೆ ಲೊಸಾಲಿನೆ ಏನು? ದೋಣಿಯಲ್ಲಿ ದಾರಿಯುದ್ದಕ್ಕೂ ವಾಂತಿ ಮಾಡಿಕೊಳ್ಳುತ್ತಾ ಅವಳು ಯೋಚಿಸಿದ್ದು ಇದೊಂದನ್ನೇ.

*

ಒಳಗೆ ಮನಾಸೆ ಮಲಗಿದ್ದ. ಚಾಪೆಯ ಮೇಲೆ ಚಾಪೆ, ಅವುಗಳ ಮೇಲೆ ಮರದ ತೊಗಟೆ ಬಡಿದು ಮಾಡಿದ ಕಂದು ಚಿತ್ತಾರದ ಬಟ್ಟೆ, ಅದರ ಮೇಲೆ ಅವನು. ಬದುಕಿದ್ದಾಗ ಇಷ್ಟು ಮೆತ್ತಗಿನ ಹಾಸಿಗೆ ಕಂಡವನಲ್ಲ. ಮುಖಕ್ಕೆ ಬಿಳಿ ಕಸೂತಿ ಬಟ್ಟೆ ಮುಚ್ಚಿತ್ತು. ತಲೆಯ ಬಳಿ ತೌಫಾ ಬೀಸಣಿಗೆ ಹಿಡಿದು, ದೊಡ್ಡ ಮೈಯನ್ನು ಗೋಡೆಗೆ ಒರಗಿಸಿ ಕೂತಿದ್ದಳು. ಇವತ್ತು ಈ ಮನೆಯಲ್ಲಿ ಅವಳು ಎದ್ದರೆ ಎಲ್ಲರೂ ಏಳಬೇಕು. ಪಾದ್ರಿಯೂ ಕೂಡ.

ಲೊಸಾಲಿನೆ ನೆಂಟರ ಸಾಲಿನ ಕೊನೆಯಲ್ಲಿ ಕೂತಳು. ಅವಳ ಹೊಸ ಚಾಪೆಯನ್ನು ಒಬ್ಬೊಬ್ಬರೂ ನೋಡಿದರು. ನೋಡಿ ಬೇರೆ ಕಡೆ ತಿರುಗಿದರು.

ಒಂದು ಕಾಲಕ್ಕೆ ಊರಿನ ಟಾಕೀಸಿನ ಬಾಗಿಲಲ್ಲಿ ಟಿಕೆಟ್ ಹರಿಯುತ್ತಿದ್ದ ಮುದುಕ ಮಾಲಕಾಯಿ ಮಾತಾಡುತ್ತಿದ್ದ. "ಇವನ ಬಾಯಿ ಇಲ್ಲದಿದ್ರೆ ಆ ಬಿಳಿಯರ ಸಿನಿಮಾ ಯಾರಿಗೆ ಬೇಕಿತ್ತು ಹೇಳಿ? ಕುದುರೆ ಓಡೋದು ನಮಗೂ ತಿಳೀತಿತ್ತು. ಗುಂಡು ಹಾರೋದು ತಿಳೀತಿತ್ತು. ಆಮೇಲೆ ಒಬ್ಬ ಗಂಡಸು ಒಬ್ಬಳು ಹೆಂಗಸು ಕೂತ್ಕೊಂಡು ಗುಸುಗುಸು, ಗುಸುಗುಸು. ಆ ಗುಸುಗುಸುಗೆ ಮನಾಸೆ ಬೇಕಿತ್ತು."

"ಇಂಗ್ಲಿಷು ಅಷ್ಟು ಚೆನ್ನಾಗಿ ಬರ್ತಿತ್ತಾ ಅವರಿಗೆ?" ಊರಿಗೆ ಹೊಸಬಳಾದ ಟೀಚರಮ್ಮ ಕೇಳಿದಳು.

"ಬರ್ತಿತ್ತು ತಾಯಿ. ಗುಡ್ ಮಾರ್ನಿಂಗ್ ಬರ್ತಿತ್ತು. ಸಂಜೆ ಆಟಕ್ಕೂ ಅದನ್ನೇ ಹೇಳ್ತಿದ್ದ."

ಸಾಲು ನಕ್ಕಿತು. ಮಾಲಕಾಯಿ ನಗಲಿಲ್ಲ, ಮೂಗು ಒರೆಸಿಕೊಂಡ. "ಆ ಕೂದಲಿನ ಸಿನಿಮಾ... ನೆನಪಿದೆಯೇನ್ರೋ?"

ಯಾರಿಗೆ ನೆನಪಿರಲಿಲ್ಲ?

*

ತಗಡಿನ ಚಾವಣಿಯ ಟಾಕೀಸು. ಮಧ್ಯಾಹ್ನದ ಆಟಕ್ಕೆ ಒಳಗೆ ಒಲೆಯಂಥ ಸೆಕೆ. ಮನಾಸೆ ಪರದೆಯ ಪಕ್ಕ ಮರದ ಪೆಟ್ಟಿಗೆಯ ಮೇಲೆ ನಿಂತು, ತಗಡಿನ ತುತ್ತೂರಿಗೆ ಬಾಯಿಟ್ಟು ಕತೆ ಹೇಳುತ್ತಿದ್ದ. ಪುಟ್ಟ ಲೊಸಾಲಿನೆ ಅವನ ಕಾಲ ಬುಡದಲ್ಲಿ ಕೂರುತ್ತಿದ್ದಳು. ಅಲ್ಲಿಂದ ಪರದೆಯ ಜನ ಉದ್ದುದ್ದ ಕಾಣುತ್ತಿದ್ದರು, ಅಪ್ಪ ಅವರಿಗಿಂತ ಉದ್ದ ಕಾಣುತ್ತಿದ್ದ. ಹಡಗಿನಿಂದ ಡಬ್ಬ ಬಂದ ದಿನವೇ ಆಟ ಶುರು. ಜನ ನೋಡಿದಾಗಲೇ ಅವನೂ ಮೊದಲ ಸಲ ನೋಡುತ್ತಿದ್ದದ್ದು.

ಆ ಸಿನಿಮಾದಲ್ಲಿ ಒಂದು ದೊಡ್ಡ ಪಟ್ಟಣ, ಚಳಿ. ಕೋಟು ಹಾಕಿದ ಗಂಡ, ಮಾತಾಡದ ಹೆಂಡತಿ. ಒಂದು ದಿನ ಆ ಹೆಂಡತಿ ಕನ್ನಡಿಯ ಮುಂದೆ ನಿಂತಳು. ಕತ್ತರಿ ತೆಗೆದುಕೊಂಡಳು. ಬೆನ್ನು ತುಂಬ ಇದ್ದ ಕೂದಲನ್ನು ಕಿವಿಯವರೆಗೆ ಕತ್ತರಿಸಿ ಚೆಲ್ಲಿದಳು.

ಟಾಕೀಸು ಉಸಿರು ಬಿಡಲಿಲ್ಲ.

"ಅಯ್ಯೋ, ಯಾರೇ ಸತ್ತದ್ದು?" ಒಬ್ಬಳು ಕೂಗಿದಳು.

"ಯಾರೋ ಮನಾಸೆ? ಯಾರು ಹೋದ್ರೋ?"

ಯಾರೂ ಸತ್ತಿರಲಿಲ್ಲ. ಮನಾಸೆ ತುತ್ತೂರಿಯನ್ನು ಬಾಯಿಂದ ತೆಗೆದ, ಮತ್ತೆ ಇಟ್ಟುಕೊಂಡ. ಅಷ್ಟು ಕೂದಲು ಸುಮ್ಮಸುಮ್ಮನೆ ನೆಲಕ್ಕೆ ಬೀಳುವುದು ಅವನಿಗೂ ನಂಬುವ ಮಾತಾಗಿರಲಿಲ್ಲ.

"ಅಪ್ಪ," ಎಂದ. ದನಿ ತಗ್ಗಿಸಿದ. "ಇವಳ ಅಪ್ಪ. ಈಗ ತಾನೇ ಸುದ್ದಿ ಬಂತು."

ಹೆಂಗಸರು ಗೊಳೋ ಎಂದರು. ಅಲ್ಲಿಂದ ಮನಾಸೆಯ ಪಾಡು ಶುರುವಾಯಿತು. ಮುಂದಿನ ದೃಶ್ಯದಲ್ಲಿ ಆ ಮೊಂಡುಗೂದಲಿನವಳು ಹೋಟೆಲಿನಲ್ಲಿ ಕೂತು ತಲೆ ಹಿಂದಕ್ಕೆ ಎಸೆದು ನಗುತ್ತಿದ್ದಳು.

"ನಗ್ತಿದಾಳಲ್ಲೋ ಪಾಪಿ!"

"ನಗ್ತಿಲ್ಲ. ಪರ ಊರಲ್ಲಿ ಅಳಬಾರದು ಅಂತ ಹಲ್ಲು ಕಚ್ಕೊಂಡಿದಾಳೆ."

ಯಾವನೋ ಬಂದು ಅವಳಿಗೆ ಮುತ್ತಿಟ್ಟ.

"ಇವನ್ಯಾರೋ?"

"ಪಾದ್ರಿ. ಸಮಾಧಾನ ಹೇಳೋಕೆ ಬಂದಿದಾನೆ."

"ಪಾದ್ರಿ ಹಿಂಗೆ ಮುತ್ತಿಡ್ತಾನೇನೋ?"

"ನಮ್ಮ ಚರ್ಚು ಅಲ್ಲ. ಬೇರೆ ಚರ್ಚು."

ಟಾಕೀಸು ಕುಣಿದಾಡಿತು. ಆದರೂ ಕೊನೆಗೆ ಅವಳು ಒಬ್ಬಳೇ ರೈಲು ಹತ್ತಿದಾಗ, ಅಪ್ಪನ ಗೋರಿಗೆ ಹೂ ಇಡಲು ಹೋಗುತ್ತಿದ್ದಾಳೆ ಎಂದು ಅವನು ಹೇಳಿದಾಗ, ಬಾಗಿಲಲ್ಲಿದ್ದ ಮಾಲಕಾಯಿಯೂ ಅತ್ತ. ಮಾರನೆಯ ದಿನ ಜನ ಕರವಸ್ತ್ರ ಹಿಡಿದು ಬಂದರು. ಆ ಸಿನಿಮಾ ರೀಲು ಹರಿಯುವವರೆಗೆ ಓಡಿತು.

ಎಷ್ಟೋ ಕಾಲದ ಮೇಲೆ, ಮನಾಸೆಯ ಕೆಲಸವನ್ನೇ ನುಂಗಿದ ವೀಡಿಯೋ ಕ್ಯಾಸೆಟ್ಟುಗಳು ಮನೆಮನೆಗೆ ಬಂದ ಮೇಲೆ, ಉತ್ತರದ ದ್ವೀಪದಲ್ಲಿ ಮೇಷ್ಟ್ರ ಕೆಲಸದಲ್ಲಿದ್ದ ಲೊಸಾಲಿನೆ ಒಬ್ಬರ ಮನೆಯಲ್ಲಿ ಅದೇ ಸಿನಿಮಾ ನೋಡಿದಳು. ಈಗ ಅವಳಿಗೆ ಪ್ರತಿ ಮಾತೂ ತಿಳಿಯುತ್ತಿತ್ತು. ಗಂಡನ ಕೈಯಿಂದ ಬಿಡಿಸಿಕೊಳ್ಳಲು ಆ ಹೆಂಗಸು ಕೂದಲು ಕತ್ತರಿಸಿದ್ದಳು. ಅದು ಅವಳ ಬಿಡುಗಡೆ. ಲೊಸಾಲಿನೆ ಅಪ್ಪನಿಗಾಗಿ ಕೊನೆಯವರೆಗೂ ಕಾದಳು. ಅಪ್ಪ ಬರಲಿಲ್ಲ. ಆ ಸಿನಿಮಾದಲ್ಲಿ ಅಪ್ಪ ಅನ್ನುವ ಮಾತೇ ಇರಲಿಲ್ಲ.

*

"ಬದುಕಿಡೀ ಕತ್ತಲಲ್ಲಿ ನಿಂತು ಸುಳ್ಳು ಹೇಳಿದ," ಎಂದಳು ತೌಫಾ. ದನಿಯಲ್ಲಿ ಸಿಟ್ಟಿರಲಿಲ್ಲ. ಬೀಸಣಿಗೆ ನಿಂತಿತ್ತು. "ಯಾರ್ಯಾರನ್ನೋ ಯಾರ್ಯಾರಿಗೋ ಅಪ್ಪ ಮಾಡ್ತಿದ್ದ."

ಮಾಲಕಾಯಿ ತನ್ನ ಪಾದ ನೋಡಿಕೊಂಡ. ಲೊಸಾಲಿನೆ ಎದ್ದು, ಬಗ್ಗಿಕೊಂಡೇ ಸಾಲಿನ ಹಿಂದೆ ಸರಿದು, ಪಕ್ಕದ ಬಾಗಿಲಿಂದ ಹೊರಗೆ ಬಂದಳು.

ಮನೆಯ ಹಿಂದೆ ಹೊಗೆ. ನೆಲ ಅಗೆದು ಮಾಡಿದ ಒಲೆಗಳಲ್ಲಿ ಕಲ್ಲು ಕಾಯುತ್ತಿತ್ತು. ಕೆಸುವಿನ ಎಲೆಯಲ್ಲಿ ಮಾಂಸ, ತೆಂಗಿನಹಾಲು ಸುತ್ತಿ ಗುಡ್ಡೆ ಹಾಕಿದ್ದರು. ಮನಾಸೆಯ ತಮ್ಮನ ಮಗ ಲೊಪೆತಿ, ಕಿವಿಯವರೆಗೆ ಏರಿದ ಹರಕು ಚಾಪೆಯೊಳಗಿಂದ ಆಮೆಯಂತೆ ತಲೆ ಹೊರಗೆ ಹಾಕಿದ.

"ಏ ಮಹಾರಾಣಿ! ಇಲ್ಲಿಗ್ಯಾಕೆ ಬಂದೆ? ಆ ಚಾಪೆಗೆ ಜಿಡ್ಡು ಹತ್ತಿದ್ರೆ ಅತ್ತೆ ನನ್ನನ್ನ ಈ ಗುಳೀಲೇ ಹಾಕಿ ಮುಚ್ತಾಳೆ."

"ಲೊಪೆತಿ, ನೀನಾದ್ರೂ ಹೇಳೋ ಅತ್ತೆಗೆ. ನಿನ್ನ ಜೊತೆ ಬೆಳೆದವಳು ನಾನು."

"ನಾನಾ? ಅತ್ತೆ ಎದುರಿಗೆ ನನಗೆ ಸೀನು ಬಂದ್ರೂ ನುಂಗ್ಕೋತೀನಿ." ಅವನ ನಗೆ ಹೊಗೆಯಲ್ಲಿ ಕೆಮ್ಮಾಯಿತು. ಆಮೇಲೆ ಹತ್ತಿರ ಬಂದು ಮೆಲ್ಲಗೆ ಹೇಳಿದ. "ಒಂದು ಮಾತು ಕೇಳು. ಒಳಗೇ ಕೂತಿರು. ಬಟ್ಟೆ ತೆಗೆದಾಗ ನಿನಗೆ ಮುಖ ಸಿಗುತ್ತೆ. ಹಣೆಗೆ ಮುತ್ತಿಡೋಕೆ ಸಿಗುತ್ತೆ. ನಮಗೇನಿದೆ? ಕೂದಲು ಕತ್ತರಿಸಿ ಇಲ್ಲಿಗೆ ಅಟ್ತಾರೆ. ಮಕ್ಕಳು ಅಂದ್ರೆ ಹೊಗೆ ಕುಡಿಯೋರು, ಅಷ್ಟೇ. ದೊಡ್ಡಪ್ಪನ ಮುಖ ಇನ್ನು ನಾನು ನೋಡಲ್ಲ."

"ನನಗೂ ಹೊಗೆ ಬೇಕು ಕಣೋ."

"ನಿನಗೆ ತಲೆ ಕೆಟ್ಟಿದೆ."

"ಅಪ್ಪನ್ನ ನೋಡಿ ಎರಡು ಕ್ರಿಸ್‌ಮಸ್ ಆಯ್ತು," ಎಂದಳು ಲೊಸಾಲಿನೆ. ಯಾಕೆ ಹೇಳಿದಳೋ ಅವಳಿಗೇ ತಿಳಿಯಲಿಲ್ಲ.

ಲೊಪೆತಿ ಅವಳ ಹೊಸ ಚಾಪೆಯ ಮೇಲೆ ಕೂತಿದ್ದ ಬೂದಿಯನ್ನು ಜೋಪಾನವಾಗಿ ಊದಿದ. "ಹೋಗು. ಒಳಗೆ ಹೋಗು."

*

ಎಲ್ಲ ಕೆಟ್ಟದ್ದು ಒಂದು ತಟ್ಟೆಯಿಂದ.

ಎರಡು ಆಟಗಳ ನಡುವೆ ಪರದೆಯ ಹಿಂದೆ ಕೂತು ಮನಾಸೆ ಊಟ ಮಾಡುತ್ತಿದ್ದ. ಬೇಯಿಸಿದ ಗೆಣಸು, ಒಂದು ತುಂಡು ಮೀನು. ಅಪ್ಪನ ತಟ್ಟೆಯಿಂದ ಮಕ್ಕಳು ತಿನ್ನುವಂತಿಲ್ಲ, ಅಪ್ಪನ ತಲೆ ಮುಟ್ಟುವಂತಿಲ್ಲ. ಮುಟ್ಟಿದರೆ, ತಿಂದರೆ, ಅವನದೇ ರಕ್ತದ ಮಕ್ಕಳಿಗೆ ಗಂಟಲು ಬಾತು ಉಸಿರು ಕಟ್ಟುತ್ತದೆ. ಆಮೇಲೆ ಅಪ್ಪನೇ ಗಂಟಲ ಮೇಲೆ ಕೈಯಿಡಬೇಕು, ಇಲ್ಲದಿದ್ದರೆ ಇಳಿಯುವುದಿಲ್ಲ. ಇದು ಎಲ್ಲರಿಗೂ ಗೊತ್ತು. ಮನಾಸೆಗೂ ಗೊತ್ತಿತ್ತು. ಆದರೆ ಪುಟ್ಟ ಲೊಸಾಲಿನೆ ಬಾಯಿ ತೆರೆದು ಕೂತಾಗ ಅವನು ತನ್ನ ಮೀನನ್ನು ಮುರಿದು ಆ ಬಾಯಿಗೆ ಇಡುತ್ತಿದ್ದ. ಬೆನ್ನ ಮೇಲೆ ಹತ್ತಿಸಿಕೊಂಡು ತನ್ನ ಕೂದಲು ಹಿಡಿದುಕೊಳ್ಳಲು ಬಿಡುತ್ತಿದ್ದ.

ಒಂದು ದಿನ ತೌಫಾ ಬಂದಳು. ಬಾಗಿಲಲ್ಲೇ ನಿಂತಳು.

"ಏನು ಮಾಡ್ತಿದೀಯ ಮನಾಸೆ?"

"ಮಗು ಹಸಿದಿತ್ತು ಅಕ್ಕಾ."

ತೌಫಾ ಬೈಯಲಿಲ್ಲ. ಲೊಸಾಲಿನೆಯ ಗದ್ದ ಹಿಡಿದು ಎತ್ತಿ ಗಂಟಲು ನೋಡಿದಳು. ಮಾರನೆಯ ದಿನವೂ ಬಂದು ನೋಡಿದಳು. ಅದರ ಮಾರನೆಯ ದಿನವೂ. ಗಂಟಲು ಬಾತುಕೊಳ್ಳಲಿಲ್ಲ. ಆಮೇಲೆ ಅವಳು ನೋಡಲು ಬರುವುದನ್ನೇ ಬಿಟ್ಟಳು. ಲೊಸಾಲಿನೆಯ ತೀರಿಹೋದ ಅಮ್ಮ ಸೆಯಿನಿ ಉತ್ತರದ ದ್ವೀಪದಿಂದ ದೋಣಿಯಲ್ಲಿ ಬಂದವಳು, ಮದುವೆಯಾದ ಮೇಲೆ ಹೊಟ್ಟೆ ಬಲು ಬೇಗ ಕಂಡಿತು, ಇದೆಲ್ಲ ಊರಲ್ಲಿ ಮೊದಲೇ ಓಡಾಡುತ್ತಿದ್ದ ಮಾತು. ಈಗ ಅದಕ್ಕೆ ಗುರುತು ಸಿಕ್ಕಿತ್ತು.

ಅವನು ಪ್ರೀತಿಯಿಂದ ಇಟ್ಟ ತುತ್ತೇ ಅವಳ ವಿರುದ್ಧ ಸಾಕ್ಷಿಯಾಯಿತು. ಬೆಳೆದ ಮೇಲೆ ಲೊಸಾಲಿನೆ ಒಮ್ಮೆ ನೇರವಾಗಿ ಕೇಳಿದಳು: ಅಪ್ಪಾ, ನಾನು ಯಾರ ಮಗಳು? ಟಾಕೀಸಿನ ಪ್ರತಿ ಮೌನಕ್ಕೂ ಒಂದು ಮಾತು ಇಟ್ಟುಕೊಂಡಿದ್ದ ಮನುಷ್ಯ ಅವಳನ್ನು ನೋಡಿದ. ಬಾಯಿ ತೆರೆದ. ಆಮೇಲೆ, ಮಳೆ ಬರುವ ಹಾಗಿದೆ, ಒಣಹಾಕಿದ ಬಟ್ಟೆ ತೆಗೆದುಕೊಂಡು ಬಾ ಎಂದ. ಅವಳು ತಂತಿಯಿಂದ ಒಂದೊಂದೇ ಬಟ್ಟೆ ಎಳೆದು ತೆಗೆದಳು. ಮಳೆ ಬರಲಿಲ್ಲ. ಎಷ್ಟೋ ಸಲ ಅವಳು ಕನ್ನಡಿಯ ಮುಂದೆ ಗಂಟಲು ಒತ್ತಿ ನೋಡಿಕೊಂಡಿದ್ದಾಳೆ, ಈಗಲಾದರೂ ಬಾತುಕೊಳ್ಳಲಿ ಎಂದು.

*

ಮಕ್ಕಳನ್ನು ಕರೆದರು. ಪಕ್ಕದ ಬಾಗಿಲಿಂದ ಲೊಪೆತಿಯೂ ಅವನ ತಂಗಿಯರೂ ತೆವಳಿಕೊಂಡೇ ಒಳಗೆ ಬಂದರು, ಸತ್ತವನ ಕಡೆ ನೋಡದೆ. ತೌಫಾ ಕತ್ತರಿ ತೆಗೆದುಕೊಂಡಳು. ಹುಡುಗಿಯರ ಜಡೆ ಬಿಚ್ಚಿದ್ದರು. ಕರ್ ಕರ್ ಎಂದು ಕತ್ತರಿ ಆಡಿತು. ಯಾರೋ ಹಾಡು ಎತ್ತಿದರು, ಸಾಲು ಅದಕ್ಕೆ ದನಿಗೂಡಿಸಿತು.

ಲೊಸಾಲಿನೆ ನೆಂಟರ ಸಾಲಿನಿಂದ ಎದ್ದಳು. ಹೊಸ ಚಾಪೆಯ ಗಂಟು ಬಿಚ್ಚಿ ಅಲ್ಲೇ ಬಿಟ್ಟಳು. ತುರುಬು ಬಿಚ್ಚಿ, ಮಂಡಿಯ ಮೇಲೆ ಸರಿಯುತ್ತಾ ಬಂದು, ಕೊನೆಯ ಹುಡುಗಿಯ ಹಿಂದೆ ತಲೆ ತಗ್ಗಿಸಿ ಕೂತಳು.

ಕೊನೆಯ ಹುಡುಗಿಯದು ಆಯಿತು. ತೌಫಾ ಕತ್ತರಿಯನ್ನು ಬಟ್ಟೆಯಲ್ಲಿ ಒರೆಸಿದಳು.

"ಮುಗೀತು."

"ಅತ್ತೆ, ನಾನಿದೀನಿ."

"ನೋಡಿದೆ. ಹೋಗಿ ಚಾಪೆ ಉಟ್ಕೋ. ಜನ ನೋಡ್ತಿದಾರೆ."

"ನನ್ನ ಕೂದಲು ಕತ್ತರಿಸಿ ಅತ್ತೆ."

"ಯಾಕೆ? ನಿನ್ನೋರು ಯಾರು ಸತ್ತಿದಾರೆ?"

ಹಾಡು ಸೊರಗಿ ನಿಂತಿತು. ಫುಸಿ ಬಾಗಿಲ ಬಳಿಯಿಂದ "ಅಮ್ಮಾ, ಸಾಕು," ಎಂದಳು. ತೌಫಾ ಅವಳ ಕಡೆ ತಿರುಗಲಿಲ್ಲ.

"ನಿನ್ನ ಮೇಲೆ ನನಗೇನೂ ಹಗೆ ಇಲ್ಲ ಲೊಸಾ. ನಿನ್ನನ್ನ ಒಳಗೆ ಕೂರಿಸಿದೀನಿ, ಮುಖ ನೋಡು ಅಂದಿದೀನಿ. ಆದ್ರೆ ಸುಳ್ಳಿಗೆ ಕತ್ತರಿ ಹಾಕಲ್ಲ. ಅವನ ತಟ್ಟೇಲಿ ತಿಂದೆ ನೀನು. ನಾನೇ ಕಣ್ಣಾರೆ ನೋಡಿದೆ. ಗಂಟಲು ಬಾತ್ಕೊಂಡಿತಾ? ಹೇಳು. ಎಲ್ಲರ ಮುಂದೆ ಹೇಳು."

ಲೊಸಾಲಿನೆ ಹಾಸಿದ್ದ ತೊಗಟೆ ಬಟ್ಟೆಯ ಚಿತ್ತಾರ ನೋಡುತ್ತಿದ್ದಳು. ಕಪ್ಪು ಗೆರೆ, ಕಂದು ಗೆರೆ. ಇಡೀ ಮನೆ ಕಾಯುತ್ತಿತ್ತು, ಕತ್ತಲಾದ ಟಾಕೀಸಿನಂತೆ.

"ಬಾತ್ಕೊಂಡಿತು," ಎಂದಳು.

"ಏನು?"

"ನೀವು ನೋಡೋದು ಬಿಟ್ಟ ಮೇಲೆ." ಅವಳು ತಲೆ ಎತ್ತಿದಳು. ದನಿ ತಾನಾಗಿ ಏರಿತು, ಹಿಂದಿನ ಸಾಲಿಗೂ ಕೇಳುವಷ್ಟು. "ಮಧ್ಯಾಹ್ನದ ಆಟ ನಡೀತಿತ್ತು. ನಾನು ಅಪ್ಪನ ಕಾಲ ಹತ್ತಿರ ಕೂತಿದ್ದೆ. ಉಗುಳು ನುಂಗೋಕೆ ಹೋದೆ, ಇಳೀಲಿಲ್ಲ. ಅಪ್ಪನ ಕಾಲು ಹಿಡ್ಕೊಂಡು ಎಳೆದೆ. ಅಪ್ಪ ಮಾತು ನಿಲ್ಲಿಸಿದ್ರು. ಪರದೆ ಮೇಲೆ ಜನ ಬಾಯಿ ಆಡಿಸ್ತಾನೇ ಇದ್ರು, ಯಾರಿಗೂ ಏನೂ ತಿಳೀಲಿಲ್ಲ, ಸಿಳ್ಳೆ ಹೊಡೆದ್ರು. ಅಪ್ಪ ನನ್ನನ್ನ ಎತ್ಕೊಂಡು ಹೊರಗೆ ಓಡಿದ್ರು. ಸಮುದ್ರದ ಹತ್ತಿರ, ಆ ಕಟ್ಟೆ ಮೇಲೆ ಮಲಗಿಸಿ..."

ಇಲ್ಲಿ ಅವಳಿಗೆ ಮುಂದಿನದು ಕಾಣಲಿಲ್ಲ. ಒಂದು ಕ್ಷಣ ಏನೂ ಇರಲಿಲ್ಲ. ದನಿ ತಗ್ಗಿತು.

"...ಕೈ ಇಟ್ರು. ಇಲ್ಲಿ. ಅಳ್ತಿದ್ರು. ನನ್ನಿಂದ ಆಯ್ತು, ನನ್ನ ರಕ್ತಾನ ನಾನೇ ಕೊಂದೆ ಅಂತಿದ್ರು. ಅಕ್ಕನಿಗೆ ಹೇಳಬೇಡ ಮಗಳೇ, ಅಕ್ಕ ನನ್ನನ್ನ ಬಿಡಲ್ಲ ಅಂದ್ರು. ಅದಕ್ಕೇ ಹೇಳಲಿಲ್ಲ. ಬೆಳಗ್ಗೆ ಹೊತ್ತಿಗೆ ಇಳೀತು."

ಯಾರೋ ಬಿಕ್ಕಿದರು. ಟೀಚರಮ್ಮ ಬಾಯಿಗೆ ಕರವಸ್ತ್ರ ಒತ್ತಿಕೊಂಡಳು.

"ನಿಜ," ಎಂದ ಮಾಲಕಾಯಿ.

ಲೊಸಾಲಿನೆಯೇ ಬೆಚ್ಚಿ ಅವನ ಕಡೆ ತಿರುಗಿದಳು.

"ಆವತ್ತು ಸಂಜೆ ಆಟಕ್ಕೂ ಅವನು ಬರಲಿಲ್ಲ. ತುತ್ತೂರಿ ನನ್ನ ಕೈಗೆ ಬಂತು. ನಾನು ಎಲ್ಲರನ್ನೂ ಮೊದಲ್ನೇ ರೀಲಲ್ಲೇ ಸಾಯಿಸಿಬಿಟ್ಟೆ. ಜನ ಹೊಡೆಯೋಕೆ ಬಂದ್ರು." ಮುದುಕ ನಕ್ಕ, ಕಣ್ಣಿಂದ ನೀರು ಹರಿಯುತ್ತಿತ್ತು. "ನಿಮಗ್ಯಾರಿಗೂ ನೆನಪಿಲ್ವೇನ್ರೋ?"

"ನೆನಪಿದೆ," ಎಂದಿತು ಒಂದು ದನಿ. "ನನಗೂ ನೆನಪಿದೆ," ಎಂದಿತು ಇನ್ನೊಂದು. ಮನಾಸೆ ಒಂದು ಆಟವನ್ನೂ ತಪ್ಪಿಸಿದವನಲ್ಲ ಎಂಬುದು ಲೊಸಾಲಿನೆಗೆ ಗೊತ್ತಿತ್ತು.

ಹೊರಗೆ ಪಾದ್ರಿಯ ಕಾರು ನಿಂತ ಸದ್ದಾಯಿತು. ತೌಫಾಳ ಒಂದು ಕೈ ಕಸೂತಿ ಬಟ್ಟೆಯ ಅಂಚಿಗೆ ಹೋಯಿತು.

"ಇದನ್ನ ಎತ್ತಲಾ? ನೋಡು, ಮುತ್ತಿಡು, ಹೋಗಿ ನಿನ್ನ ಜಾಗದಲ್ಲಿ ಕೂತ್ಕೋ. ಇಲ್ಲ ತಲೆ ಬಗ್ಗಿಸು. ಮಗಳಿಗೆ ಮುಖ ಇಲ್ಲ. ಗೊತ್ತಲ್ಲ?"

ಬಟ್ಟೆಯ ಕೆಳಗೆ ಮೂಗಿನ ಏರು ಕಾಣುತ್ತಿತ್ತು, ತುಟಿಯ ತಗ್ಗು ಕಾಣುತ್ತಿತ್ತು. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಬಟ್ಟೆ ಎಲ್ಲಿ ಅಂಚಾಗಿ ಮುಗಿಯುತ್ತಿತ್ತೋ ಅಲ್ಲಿ ಒಂದಿಷ್ಟು ನರೆಗೂದಲು.

ಲೊಸಾಲಿನೆ ತಲೆ ಬಗ್ಗಿಸಿದಳು.

ತೌಫಾ ಅವಳ ಕೂದಲನ್ನು ಮುಷ್ಟಿಯಲ್ಲಿ ಸುತ್ತಿ ಹಿಡಿದಳು, ನೋವಾಗುವಷ್ಟು ಬಿಗಿಯಾಗಿ. ಕಿವಿಯ ಹಿಂದೆ ಕಬ್ಬಿಣ ತಣ್ಣಗೆ ತಾಗಿತು. ದಟ್ಟ ಕೂದಲು, ಒಂದೇ ಸಲಕ್ಕೆ ಬರಲಿಲ್ಲ. ಅಗಿದು ಅಗಿದು ಕತ್ತರಿ ಮುಂದೆ ಹೋಯಿತು. ತೌಫಾಳ ಬಾಯಿ ಅವಳ ಕಿವಿಗೆ ಸಮೀಪ ಬಂದಿತ್ತು.

"ಅವನಿಗೂ ಹಿಂಗೇ," ಎಂದಳು ತೌಫಾ, ಯಾರಿಗೂ ಕೇಳದ ಹಾಗೆ. "ನಡುವೆ ದನಿ ತಗ್ಗಿಬಿಡ್ತಿತ್ತು."

*

ಹರಕು ಚಾಪೆಯನ್ನು ಫುಸಿಯೇ ಮತ್ತೆ ಸುತ್ತಿ ಕಟ್ಟಿದಳು. ಹಿತ್ತಲಲ್ಲಿ ಲೊಪೆತಿ ಅವಳ ಮೊಂಡುತಲೆ ನೋಡಿ ಏನೋ ತಮಾಷೆ ಮಾಡಲು ಹೋಗಿ, ಬೇಡವೆನಿಸಿ, ಗುಳಿಯ ಮೇಲಿನ ಮಣ್ಣು ಎಳೆಯಲು ಒಂದು ಕೋಲು ಕೊಟ್ಟ.

ಒಳಗೆ ಪಾದ್ರಿಯ ದನಿ ಎದ್ದಿತು, ನಿಂತಿತು. ಆಮೇಲೆ ಹೆಂಗಸರ ಅಳು ಒಮ್ಮೆಗೇ ಉಕ್ಕಿ ಬಂತು. ಬಟ್ಟೆ ತೆಗೆದರು ಎಂದು ಹಿತ್ತಲಲ್ಲಿದ್ದ ಎಲ್ಲರಿಗೂ ತಿಳಿಯಿತು. ಯಾರೂ ಕೆಲಸ ನಿಲ್ಲಿಸಲಿಲ್ಲ. ಟೀಚರಮ್ಮನೂ ಈಗ ಸಾಲಿನಲ್ಲಿ ಹೋಗಿ ಬಗ್ಗಿ ಅವನ ಹಣೆಗೆ ಮುತ್ತಿಡುತ್ತಿರಬಹುದು.

"ಎಲೆ ಸುಡುತ್ತೆ, ಹುಷಾರು," ಎಂದ ಲೊಪೆತಿ.

ಶವಪೆಟ್ಟಿಗೆ ಹೊರಟಾಗ ಹಾಡು ಮುಂಬಾಗಿಲಿಂದ ಬೀದಿಯ ಕಡೆ ಸುತ್ತಿಕೊಂಡು ಬಂತು. ಹಿತ್ತಲಿಗೂ ಬೀದಿಗೂ ನಡುವೆ ತೆಂಗಿನ ಗರಿಯ ತಟ್ಟಿ. ಹೊಗೆ ಹೋಗಲೆಂದು ಬುಡದಲ್ಲಿ ಒಂದು ಗೇಣು ಬಿಟ್ಟಿದ್ದರು. ಲೊಸಾಲಿನೆ ಕೋಲು ಬಿಟ್ಟು, ಹರಕು ಚಾಪೆಯ ಸಮೇತ ನೆಲಕ್ಕೆ ಮಲಗಿ, ಕೆನ್ನೆಯನ್ನು ಬಿಸಿ ಮಣ್ಣಿಗೆ ಒತ್ತಿ, ಆ ಸಂದಿಗೆ ಕಣ್ಣು ಇಟ್ಟಳು.

ಬರೀ ಪಾದಗಳು. ಪಾದ್ರಿಯ ಕರಿ ಬೂಟು. ಹಾಡುವವರ ಚಪ್ಪಲಿ. ತೌಫಾಳ ಬಾತ ಪಾದ, ಪಕ್ಕದಲ್ಲಿ ಅವಳನ್ನು ಹಿಡಿದುಕೊಂಡ ಫುಸಿಯ ಪಾದ. ಅವರ ಹಿಂದೆ ಭಾರ ಹೊತ್ತ ಬರಿಗಾಲುಗಳು ಎರಡು ಸಾಲಾಗಿ ಬಂದವು. ಬೆರಳು ಅಗಲಿಸಿ, ಹಿಮ್ಮಡಿ ಊರಿ, ಬೇರೆ ಯಾರ ಕಾಲಿಗಿಂತಲೂ ಆಳಕ್ಕೆ ಮರಳಿನಲ್ಲಿ ಇಳಿದು ಇಳಿದು ಏಳುತ್ತಿದ್ದವು. ಅವು ಒಂದೊಂದಾಗಿ ಸಂದಿಯನ್ನು ದಾಟಿದವು. ಕೊನೆಯ ಜನರೂ ದಾಟಿದರು, ಹಾಡು ತಿರುವಿನ ಆಚೆ ಹೋಯಿತು.

ಬೀದಿಗೆ ಒಂದು ಹಂದಿಮರಿ ಇಳಿದು, ಆಳದ ಹೆಜ್ಜೆಗಳ ಒಳಗೆ ಮೂತಿ ಇಟ್ಟು, ಒಂದೊಂದನ್ನೇ ಮೂಸುತ್ತಾ ಮುಂದೆ ಹೋಯಿತು.